ಕೃಷ್ಣರಾಜೇಂದ್ರಗಿರಿಯ ದೊರೆಗಳು ಮತ್ತು ಹಿಮಗಿರಿಯ ದಾರಿ

ತರೀಕೆರೆಯ ಮೇಲಣ ಕೆಮ್ಮಣ್ಣುಗುಂಡಿಗೆ ಕೃಷ್ಣರಾಜೇಂದ್ರಗಿರಿಯೆಂಬ ಹೆಸರು ಬಂದುದು ನಾಲ್ವಡಿ ಕೃಷ್ಣರಾಜ ಒಡೆಯರವರಿಂದ ಎಂಬುದನ್ನು ವಾಚಕರು ಬಲ್ಲರು. ಸುಮಾರು 4,700 ಅಡಿ ಎತ್ತರದ ಆ ತಂಪು ನೆಲೆಯನ್ನು ಮೆಚ್ಚಿದ್ದ ಪ್ರಭುಗಳು ಹಿಮದ ನಾಡಿನವರೆಗೂ ಹೋಗಿಬಂದವರೆಂಬುದು ಮಾತ್ರ ಅಷ್ಟಾಗಿ ಜನರ ನೆನಪಿನಲ್ಲಿಲ್ಲ.

1884ರ ಜೂನ್ 4ರಂದು ಜನಿಸಿದ ಇವರು, ತಂದೆಯವರಾದ ಚಾಮರಾಜೇಂದ್ರ ಒಡೆಯರವರು 1894ರಲ್ಲಿ ಕಲ್ಕತ್ತೆಯಲ್ಲಿ ಕಾಲವಾಗಲು, ಹತ್ತರ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದರು. ಮಾತೃಶ್ರೀಯವರು ರೀಜೆಂಟರಾಗಿ ನಡೆಸಿದ ರಾಜ್ಯಭಾರವನ್ನು 1902ರಲ್ಲಿ ತಾವೇ ವಹಿಸಿಕೊಂಡರು. ಕನ್ನಂಬಾಡಿ, ವಿಶ್ವವಿದ್ಯಾನಿಲಯ ಮೊದಲಾದುವನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಈ ಗಿರಿಯ ಅದಿರನ್ನು ನಂಬಿ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತೆಂಬುದೊಂದನ್ನು ಮಾತ್ರ ಹೇಳಿ ಮುಂದುವರಿಯುತ್ತೇವೆ.

1931ರಲ್ಲಿ ಮಹಾರಾಜರು ದೊಡ್ಡ ಪರಿವಾರದೊಡನೆ ಕೈಲಾಸ ಮಾನಸಸರೋವರಗಳ ಯಾತ್ರೆಗೆ ಹೊರಟರು. ಕೈಲಾಸದ ಪ್ರದಕ್ಷಿಣೆಯ ಪಥವು ಡೋಲ್ಮಾ ಕಣಿವೆಯಲ್ಲಿ 18,000 ಅಡಿಗೂ ಮೇಲೇರುತ್ತದೆ. ಅಲ್ಲಿ ಉಸಿರಿಗೇ ಬಡತನ. ಹಿಮದ ಮಾತೋ ಬೇರೆ. ನಮ್ಮ ಕಡೆಯವರು ಹಿಮವನ್ನು ಒಂದೇ ಬಿಳಿಯ ಹಾಸೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಪದರಪದರವಾಗಿ ಕೂಡುವ ವಸ್ತು. ಕೆಳಗಣ ಪದರವು ಸಕ್ಕರೆಯಂತೆ ಸಡಿಲವಾಗಿದ್ದು, ಮೇಲೆ ಹೊಸ ಹಿಮವೋ ಗಾಳಿ ತಂದು ಸುರಿದ ಹಿಮವೋ ಭಾರವಾಗಿ ಕೂತರೆ, ಒಬ್ಬ ಮನುಷ್ಯನ ಹೆಜ್ಜೆಯೇ ಇಡೀ ಹಾಸನ್ನು ಕಳಚಿಬಿಡಬಲ್ಲುದು. ಮೂವತ್ತರಿಂದ ನಲವತ್ತೈದು ಡಿಗ್ರಿಗಳ ಇಳಿಜಾರುಗಳೇ ಇದಕ್ಕೆ ಹೆಚ್ಚಾಗಿ ಎಡೆಗೊಡುವುವು. ಇರುಳಿನ ಚಳಿಗೆ ಗಟ್ಟಿಯಾದ ಹಿಮವು ಬಿಸಿಲೇರಿದಂತೆ ನೀರೂಡಿ ಸಡಿಲುವುದರಿಂದ, ಅಂತಹ ಕಣಿವೆಗಳನ್ನು ಬೆಳಗಾಗುವುದರೊಳಗೆ ಏರಿ ದಾಟುವುದು ಬೆಟ್ಟದವರ ಪದ್ಧತಿ. ಅರಮನೆಯ ಗಡಿಯಾರಕ್ಕೆ ಅಲ್ಲಿ ಬೆಲೆಯಿಲ್ಲ.

ರಾಜ್ಯದ ಹೊಣೆ ಹೊತ್ತವರು ಇಂತಹ ದಾರಿಗೆ ಇಳಿಯಬಹುದೇ ಎಂದು ಕೇಳುವವರು ಇರಬಹುದು. ಆಕ್ಷೇಪವು ನಿರಾಧಾರವಲ್ಲ, ದೊರೆಯ ಹಿಂದೆ ನಡೆಯುವ ಆಳುಕಾಳುಗಳಿಗೆ ಬರುವುದಿಲ್ಲವೆನ್ನುವ ಸ್ವಾತಂತ್ರ್ಯವಿರುವುದಿಲ್ಲ. ಆದರೂ ನಲವತ್ತೇಳರ ವಯಸ್ಸಿನಲ್ಲಿ ಸುಖವನ್ನು ಬಿಟ್ಟು ಬಡ ಯಾತ್ರಿಕನ ದಾರಿಯನ್ನೇ ಹಿಡಿದ ಶ್ರದ್ಧೆಯನ್ನು ನಾವು ಲಘುವಾಗಿ ಕಾಣಲಾರೆವು. ಸುಖವಾಗಿ ಹಿಂದಿರುಗಿದ ಪ್ರಭುಗಳು ಇನ್ನೂ ಒಂಬತ್ತು ವರ್ಷ ಆಳಿ 1940ರ ಆಗಸ್ಟ್ 3ರಂದು ದಿವಂಗತರಾದರು.

1962ರ ಯುದ್ಧದ ತರುವಾಯ ನಿಂತಿದ್ದ ಯಾತ್ರೆಯು 1981ರಲ್ಲಿ ಮತ್ತೆ ಆರಂಭವಾಯಿತು. 1998ರ ಆಗಸ್ಟಿನಲ್ಲಿ ಲಿಪುಲೇಖದ ದಾರಿಯ ಮಾಲ್ಪಾದಲ್ಲಿ ಇರುಳು ಗುಡ್ಡವು ಕುಸಿದು ಇನ್ನೂರಕ್ಕೂ ಮಿಕ್ಕ ಜನ ಮಡಿದರು. ಅವರಲ್ಲಿ ಅರುವತ್ತು ಮಂದಿ ಕೈಲಾಸದ ಯಾತ್ರಿಕರು. ಅಲ್ಲಿ ಬಿದ್ದುದು ಹಿಮವಲ್ಲ, ಮಳೆಯಲ್ಲಿ ನೆನೆದ ಕಲ್ಲುಮಣ್ಣು. ಕೆಮ್ಮಣ್ಣುಗುಂಡಿಯ ದಾರಿಯಲ್ಲಿಯೂ ಮಳೆಗಾಲದಲ್ಲಿ ಆ ಕೆಂಪು ಮಣ್ಣೇ ಜಾರಿ ಬೀಳುವುದುಂಟು.