ಹುಡುಗರಿಗಾಗಿ ಕರಾರುಪತ್ರ ಬರೆಸಿದ ಡಾನ್ ಬಾಸ್ಕೊ

ಗಲ್ಫ್‌ಗೆ ದುಡಿಯಲು ಹೊರಟವರು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡುವ ಇನ್ನೊಂದು ಕಾಗದ ಕೆಲಸದ ಕರಾರುಪತ್ರ. ಯಾವ ಕೆಲಸ, ಸಂಬಳ ಎಷ್ಟು, ರಜೆ ಎಷ್ಟು ದಿನ ಎಂಬುದೆಲ್ಲ ಅದರಲ್ಲಿರುತ್ತದೆ. ಲೆಕ್ಕಪತ್ರ ನೋಡುವುದೇ ಕಸುಬಾದ ನನಗೆ ಇಂಥ ಕಾಗದಗಳ ಮೇಲೆ ಕಣ್ಣು ಹೋಗುವುದು ಸಹಜ. 1852ರಲ್ಲಿ ಇಂದಿನ ಇಟಲಿಯ ಟ್ಯೂರಿನ್ ನಗರದಲ್ಲಿ ಬರೆದ ಅಂಥದೊಂದು ಕರಾರಿನ ವಿಷಯ ತಿಳಿದಾಗ, ಅದನ್ನು ಬರೆಸಿದವರ ಬದುಕನ್ನೂ ಓದಬೇಕೆನಿಸಿತು.

ಅವರು ಜಾನ್ ಬಾಸ್ಕೊ. ನಮಗೆ ಡಾನ್ ಬಾಸ್ಕೊ ಎಂದರೆ ಶಾಲೆಯ ಬೋರ್ಡಿನಲ್ಲಿ ಕಂಡ ಹೆಸರು. ಡಾನ್ ಎಂಬುದು ಇಟಲಿಯಲ್ಲಿ ಪಾದ್ರಿಗಳ ಹೆಸರಿನ ಹಿಂದೆ ಗೌರವಕ್ಕೆ ಸೇರಿಸುವ ಪದ.

ಅವರು ಹುಟ್ಟಿದ್ದು 1815ರ ಆಗಸ್ಟ್ 16ರಂದು, ಟ್ಯೂರಿನ್ ಸಮೀಪದ ಬೆಕ್ಕಿ ಎಂಬ ಪುಟ್ಟ ಹಳ್ಳಿಯ ರೈತ ಕುಟುಂಬದಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರಿಟಾ ಹೊಲ ಗೇಯ್ದು ಮಕ್ಕಳನ್ನು ಸಾಕಿದರು. ಜಾನ್ ಓದುವುದು ಮಲಅಣ್ಣನಿಗೆ ಇಷ್ಟವಿರಲಿಲ್ಲ. ಮನೆಯಲ್ಲಿ ಜಗಳ ಹೆಚ್ಚಿದಾಗ ಹುಡುಗ ಬೇರೆಯವರ ಹೊಲದಲ್ಲಿ ಆಳಾಗಿ ದುಡಿಯಬೇಕಾಯಿತು. ಮುಂದೆ ಓದಿಗೆಂದು ಊರು ಬಿಟ್ಟಾಗ ದರ್ಜಿಯೊಬ್ಬರ ಮನೆಯಲ್ಲಿ ಇದ್ದು ಹೊಲಿಗೆ ಕಲಿತರು. ಕಮ್ಮಾರನ ಕುಲುಮೆಯಲ್ಲಿ ಸುತ್ತಿಗೆ ಹಿಡಿದರು, ಕಾಫಿ ಅಂಗಡಿಯಲ್ಲೂ ದುಡಿದರು. 1841ರಲ್ಲಿ ಪಾದ್ರಿಯಾದಾಗ ಅವರ ಕೈಗೆ ಹಲವು ಕಸುಬುಗಳ ಪರಿಚಯವಿತ್ತು.

ಟ್ಯೂರಿನ್ ಆಗ ಬೆಳೆಯುತ್ತಿದ್ದ ನಗರ. ಸುತ್ತಲಿನ ಹಳ್ಳಿಗಳಿಂದ, ಬೆಟ್ಟದ ಕಣಿವೆಗಳಿಂದ ಬಡ ಹುಡುಗರು ಗಾರೆ ಕೆಲಸಕ್ಕೆ, ಕಲ್ಲು ಕೆತ್ತಲು, ಮನೆಗಳ ಹೊಗೆಗೂಡು ಗುಡಿಸಲು ಬರುತ್ತಿದ್ದರು. ಊರಲ್ಲಿ ಅವರಿಗೆ ನೆಂಟರಿಲ್ಲ, ರಾತ್ರಿ ಮಲಗಲು ಜಾಗವಿಲ್ಲ. ಜೈಲುಗಳಿಗೆ ಭೇಟಿ ಕೊಡುತ್ತಿದ್ದ ಬಾಸ್ಕೊ ಅಲ್ಲಿ ಹದಿಹರೆಯದವರನ್ನು ಕಂಡು ಕಳವಳಗೊಂಡರು. ಬಿಡುಗಡೆಯಾಗಿ ಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರನ್ನು ವಿಚಾರಿಸುವವರು ಯಾರೂ ಇಲ್ಲದ್ದೇ ಇದಕ್ಕೆ ಕಾರಣವೆಂದು ಅವರಿಗೆ ಅನಿಸಿತು.

ಭಾನುವಾರಗಳಂದು ಹುಡುಗರನ್ನು ಸೇರಿಸಿ ಆಟ, ಪ್ರಾರ್ಥನೆ, ಪಾಠ ಆರಂಭಿಸಿದರು. ಗಲಾಟೆ ತಾಳದೆ ಜನ ಅವರನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಓಡಿಸಿದರು. 1846ರಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಒಂದು ಶೆಡ್ ಸಿಕ್ಕಿತು. ಅದೇ ವರ್ಷ ತಾಯಿಯೂ ಹಳ್ಳಿಯ ಮನೆ ಬಿಟ್ಟು ಬಂದು ಜೊತೆಯಾದರು. ಮರುವರ್ಷದಿಂದ ಅನಾಥ ಹುಡುಗರಿಗೆ ಅಲ್ಲೇ ಊಟ, ವಸತಿ ಶುರುವಾಯಿತು. ಆ ಹುಡುಗರ ಬಟ್ಟೆಗೆ ತೇಪೆ ಹಾಕುತ್ತಲೇ ಆಕೆ 1856ರಲ್ಲಿ ಕಣ್ಣು ಮುಚ್ಚಿದರು.

ಊಟ ಹಾಕಿದರಷ್ಟೇ ಸಾಲದು, ಕೈಗೊಂದು ಕೆಲಸ ಬೇಕು. ಬಾಸ್ಕೊ ಕಟ್ಟಡಗಳಿಗೆ, ಕಾರ್ಯಾಗಾರಗಳಿಗೆ ತಾವೇ ಹೋಗಿ ಹುಡುಗರನ್ನು ಕಲಿಕೆಗೆ ಸೇರಿಸಿದರು. ಆದರೆ ಕಲಿಯಲು ಹೋದವನಿಂದ ಮನೆಗೆಲಸ ಮಾಡಿಸುವುದು, ಹೊಡೆಯುವುದು, ಹಬ್ಬದ ದಿನವೂ ದುಡಿಸುವುದು ಆಗ ಮಾಮೂಲು. ಬಾಯಿಮಾತನ್ನು ನಂಬದ ಬಾಸ್ಕೊ ಎಲ್ಲವನ್ನೂ ಬರಹಕ್ಕೆ ಇಳಿಸಿದರು.

1851ರ ನವೆಂಬರ್‌ನಲ್ಲಿ ಗಾಜಿನ ಕೆಲಸ ಕಲಿಯುವ ಹುಡುಗನೊಬ್ಬನಿಗೆ ಕರಾರು ಮಾಡಿಸಿದರು. ಮೊದಲ ವರ್ಷ ದಿನಕ್ಕೆ 1 ಲೀರಾ, ಎರಡನೇ ವರ್ಷ ಒಂದೂವರೆ, ಮೂರನೇ ವರ್ಷ 2 ಲೀರಾ ಕೂಲಿ. 1852ರ ಫೆಬ್ರವರಿ 8ರ ಕರಾರು ಛಾಪಾ ಕಾಗದದ ಮೇಲಿದೆ. ಬೆರ್ತೊಲಿನೊ ಎಂಬ ಬಡಗಿ ಮೇಸ್ತ್ರಿ, ಒಡಾಸೊ ಎಂಬ ಹುಡುಗನಿಗೆ ಎರಡು ವರ್ಷದಲ್ಲಿ ಮರಗೆಲಸ ಕಲಿಸಬೇಕು. ತಪ್ಪು ಮಾಡಿದರೆ ಬಾಯಲ್ಲಿ ಹೇಳಿ ತಿದ್ದಬೇಕು, ಕೈ ಮಾಡುವಂತಿಲ್ಲ. ಕಸುಬಿಗೆ ಸಂಬಂಧವಿಲ್ಲದ ಕೆಲಸ, ಶಕ್ತಿಗೆ ಮೀರಿದ ಕೆಲಸ ಹೇಳುವಂತಿಲ್ಲ. ಹಬ್ಬದ ದಿನ ಬಿಡುವು. ಹುಡುಗನ ತಂದೆ ಜಾಮೀನು ನಿಂತರು. ಅವನ ನಡತೆಯ ಮೇಲೆ ಗಮನವಿಡುವುದಾಗಿ ಬಾಸ್ಕೊ ಒಪ್ಪಿಕೊಂಡರು. ಒಬ್ಬ ಬಡ ಹುಡುಗನ ಪರವಾಗಿ ಮೂವರು ಹಿರಿಯರ ಸಹಿ!

ಹೊರಗಿನ ಕಾರ್ಯಾಗಾರಗಳನ್ನೇ ನೆಚ್ಚಿ ಕೂರದೆ, 1853ರಲ್ಲಿ ತಮ್ಮಲ್ಲೇ ಚಪ್ಪಲಿ-ಬೂಟು ಮತ್ತು ಹೊಲಿಗೆಯ ವಿಭಾಗ ತೆರೆದರು. 1854ರಲ್ಲಿ ಪುಸ್ತಕದ ಬೈಂಡಿಂಗ್, 1856ರಲ್ಲಿ ಮರಗೆಲಸ ಬಂದವು. 1862ರ ಹೊತ್ತಿಗೆ ಮುದ್ರಣಾಲಯ, ಕಮ್ಮಾರಿಕೆ ಕೂಡ ಸೇರಿದವು. ಇದಕ್ಕೆಲ್ಲ ಹಣ ದಾನಿಗಳಿಂದ, ಲಾಟರಿಗಳಿಂದ ಬರಬೇಕಿತ್ತು. ಸಾಲವಂತೂ ಬೆನ್ನು ಬಿಡಲಿಲ್ಲ.

1859ರಲ್ಲಿ ತಮ್ಮೊಡನೆ ದುಡಿಯುತ್ತಿದ್ದವರನ್ನು ಸೇರಿಸಿ ಸಲೇಷಿಯನ್ ಸಂಸ್ಥೆ ಕಟ್ಟಿದರು. 1875ರಲ್ಲಿ ಅದರ ಮೊದಲ ತಂಡ ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋಯಿತು. ಹೊಟ್ಟೆಪಾಡಿಗೆ ಅಲ್ಲಿ ನೆಲೆಸಿದ್ದ ಇಟಲಿಯ ವಲಸಿಗರನ್ನು ನೋಡಿಕೊಳ್ಳುವುದು ಆ ತಂಡದ ಮೊದಲ ಕೆಲಸಗಳಲ್ಲಿ ಒಂದು. 1888ರ ಜನವರಿ 31ರಂದು ಬಾಸ್ಕೊ ತೀರಿಕೊಂಡರು. 1906ರಲ್ಲಿ ಸಲೇಷಿಯನ್ನರು ತಂಜಾವೂರಿಗೆ ಬಂದರು. ಇಂದು ಕರ್ನಾಟಕದಲ್ಲೂ ಅವರ ಶಾಲೆ, ತರಬೇತಿ ಕೇಂದ್ರಗಳಿವೆ.

ನಾವು ಊರಿನ ಹುಡುಗನ ಕಲಿಕೆಗೆ ದುಡ್ಡು ಕಳಿಸುತ್ತೇವೆ, ಅದು ಬೇಕೇ ಬೇಕು. ಅದರ ಜೊತೆಗೆ, ಅವನು ಮೊದಲ ಕೆಲಸಕ್ಕೆ ಸಹಿ ಹಾಕುವ ಮುನ್ನ ಆ ಕಾಗದವನ್ನು ತರಿಸಿಕೊಂಡು ಪೂರ್ತಿ ಓದೋಣ. ಸಂಬಳ, ರಜೆ, ಕೆಲಸದ ಹೆಸರು ಸರಿಯಿದೆಯೇ ಎಂದು ಅವನ ಪರವಾಗಿ ಕೇಳೋಣ. ಆ ಹೊತ್ತಿನಲ್ಲಿ ಅವನಿಗೆ ಬೇಕಾದದ್ದು ಪಕ್ಕದಲ್ಲಿ ನಿಲ್ಲುವ ಒಬ್ಬ ಹಿರಿಯ.