ಜಾರ್ಜ್ ಬೂಲ್: ಗಣಕವಿಜ್ಞಾನಕ್ಕೆ ಅಡಿಪಾಯವಿತ್ತ ಶಾಲಾಶಿಕ್ಷಕ

ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದನ್ನು ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಬಾಳಿ ತೋರಿಸಿದರು. ಸಮಗಾರ ಹರಳಯ್ಯನವರನ್ನು ಸ್ಮರಿಸುವ ಈ ನಾಡಿಗೆ, ಪಾದರಕ್ಷೆ ಹೊಲಿಯುವವರ ಮಗನೊಬ್ಬನು ಗಣಕವಿಜ್ಞಾನಕ್ಕೆ ಅಡಿಪಾಯವಿತ್ತ ಚರಿತ್ರೆ ಪರಕೀಯವೆನಿಸದು.

ಜಾರ್ಜ್ ಬೂಲ್ ಅವರು 1815ರ ನವೆಂಬರ್ 2ರಂದು ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಬೂಲ್ ಅವರ ವೃತ್ತಿ ಪಾದರಕ್ಷೆಯದಾದರೂ ಒಲವೆಲ್ಲ ಗಣಿತ ಹಾಗೂ ದೂರದರ್ಶಕಗಳ ಕಡೆಗೆ. ಗಣಿತದ ಮೊದಲ ಪಾಠ ಮಗನಿಗೆ ಅವರಿಂದಲೇ ದೊರೆಯಿತು. ವ್ಯಾಪಾರ ಕುಸಿದಾಗ ಸಂಸಾರದ ಭಾರ ಮಗನ ಹೆಗಲೇರಿತು. 16ನೆಯ ವಯಸ್ಸಿನಲ್ಲಿ ಡಾಂಕಾಸ್ಟರಿನಲ್ಲಿ ಸಹಾಯಕ ಶಿಕ್ಷಕರಾದರು. 19ನೆಯ ವಯಸ್ಸಿನಲ್ಲಿ ಲಿಂಕನ್ನಿನಲ್ಲಿ ಸ್ವಂತ ಶಾಲೆ ತೆರೆದರು. ಶಾಲೆಯ ಕೆಲಸದ ನಡುವೆಯೇ ಲಾಗ್ರಾಂಜ್, ಲಾಪ್ಲಾಸರ ಗ್ರಂಥಗಳನ್ನು ಸ್ವಂತವಾಗಿ ಅಭ್ಯಸಿಸಿದರು. ತಂದೆತಾಯಿಗಳನ್ನು ಸಲಹಬೇಕಾಗಿದ್ದುದರಿಂದ ಕೇಂಬ್ರಿಜ್ಜಿನ ವ್ಯಾಸಂಗ ಕೈಗೂಡಲಿಲ್ಲ. ಆದರೂ 1844ರಲ್ಲಿ ರಾಯಲ್ ಸೊಸೈಟಿಯು ಅವರಿಗೆ ಸುವರ್ಣಪದಕವಿತ್ತು ಗೌರವಿಸಿತು. 1849ರಲ್ಲಿ, ಯಾವ ಪದವಿಯೂ ಇಲ್ಲದ ಈ ಶಿಕ್ಷಕರು ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಗಣಿತ ಪ್ರಾಧ್ಯಾಪಕರಾದರು.

1847 ಮತ್ತು 1854ರ ಗ್ರಂಥಗಳಲ್ಲಿ ಅವರು ತರ್ಕವನ್ನೇ ಬೀಜಗಣಿತವಾಗಿಸಿದರು. ಸತ್ಯಕ್ಕೆ 1, ಅಸತ್ಯಕ್ಕೆ 0. ಕಮಲಾಪುರದ ವಿದ್ಯಾರ್ಥಿಯು ಕಲಬುರಗಿಯ ಕಾಲೇಜು ತಲುಪಲು ಬಸ್ಸೂ ಬರಬೇಕು, ಕೈಯಲ್ಲಿ ಚೀಟಿಯ ಹಣವೂ ಇರಬೇಕು ಎನ್ನೋಣ. ಎರಡೂ 1 ಆದರೆ ಗುಣಲಬ್ಧ 1. ಒಂದು 0 ಆದರೂ ಗುಣಲಬ್ಧ 0. ಇಂಥ ಸರಳ ನಿಯಮಗಳಿಂದ ಎಷ್ಟು ಜಟಿಲವಾದ ತರ್ಕವನ್ನಾದರೂ ಲೆಕ್ಕವಾಗಿ ಬಿಡಿಸಬಹುದೆಂದು ತೋರಿಸಿದರು.

1855ರಲ್ಲಿ ಮೇರಿ ಎವರೆಸ್ಟ್ ಅವರನ್ನು ವರಿಸಿದರು. ನಮ್ಮ ಬೀದರ ಪ್ರದೇಶದಿಂದ ಹಿಮಾಲಯದ ತಪ್ಪಲಿನವರೆಗೆ ರೇಖಾಂಶದ ಅಳತೆ ನಡೆಸಿದ ಜಾರ್ಜ್ ಎವರೆಸ್ಟರು ಆಕೆಯ ದೊಡ್ಡಪ್ಪ. ಐವರು ಪುತ್ರಿಯರ ಈ ಸಂಸಾರ ಬಹುಕಾಲ ಬಾಳಲಿಲ್ಲ. 1864ರ ಕೊನೆಯಲ್ಲಿ ಬೂಲರು ಮಳೆಯಲ್ಲಿ ನೆನೆಯುತ್ತ ಕಾಲೇಜಿಗೆ ನಡೆದು, ಒದ್ದೆ ಬಟ್ಟೆಯಲ್ಲಿಯೇ ಪಾಠ ಮಾಡಿದರು. ಜ್ವರ ಉಲ್ಬಣಿಸಿ ಡಿಸೆಂಬರ್ 8ರಂದು, 49ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದವರಂತೆ ಕಾಯಕದಲ್ಲಿಯೇ ಕಾಯವನ್ನು ಸವೆಸಿ ಅಗಲಿದರು.

1937ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಈ ಬೀಜಗಣಿತವನ್ನು ವಿದ್ಯುತ್ ಮಂಡಲಗಳಿಗೆ ಅನ್ವಯಿಸಿದರು. ಗಣಕಯಂತ್ರದ ವಿನ್ಯಾಸಕ್ಕೆ ಅದೇ ಬುನಾದಿಯಾಯಿತು. ಇಂದು ಪ್ರೌಢಶಾಲೆಯಲ್ಲಿಯೇ ಗಣಕವಿಜ್ಞಾನದ ಮೊದಲ ಪಾಠ ಕಲಿಯುವ ಮಕ್ಕಳು ಪೈಥಾನ್ ಭಾಷೆಯಲ್ಲಿ ಸತ್ಯಾಸತ್ಯಗಳ ವರ್ಗವನ್ನು ಬೂಲ್ ಎಂದೇ ಬರೆಯುತ್ತಾರೆ.

ಪ್ರತಿಭೆ ಮತ್ತು ಅವಕಾಶ ಎರಡೂ ಕೂಡಿದಾಗಲೇ ವಿದ್ಯೆ ಫಲಿಸುವುದು. ಪ್ರತಿಭೆಗೆ ಹಳ್ಳಿಯಲ್ಲಿ ಕೊರತೆಯಿಲ್ಲ. ಅವಕಾಶ ಸೊನ್ನೆಯಾಗದಂತೆ ಕಾಯುವುದೇ ಗುರುಗಳ ಮತ್ತು ದಾನಿಗಳ ನಿಜವಾದ ಜ್ಞಾನದಾಸೋಹ.