ಪಲ್ವಂಕರ್ ಬಾಲೂ: ಮೂರು ರೂಪಾಯಿ ಸಂಬಳದ ಹುಡುಗ



ನಮ್ಮ ರಾಜಾನುಕುಂಟೆಯಲ್ಲಿ ಭಾನುವಾರ ಬಂತೆಂದರೆ ಖಾಲಿ ಸೈಟುಗಳಲ್ಲೆಲ್ಲ ಕ್ರಿಕೆಟ್ಟೇ ಕ್ರಿಕೆಟ್ಟು. ಮನೆಗೆ ಹೋದರೆ ಹಿರಿಯರು ಕೇಳುವುದು ಒಂದೇ ಮಾತು, ಆಟ ಅನ್ನ ಹಾಕುತ್ತಾ ಅಂತ. ನೂರು ವರ್ಷಕ್ಕೂ ಹಿಂದೆ ಆಟದಿಂದಲೇ ಅನ್ನ ಸಂಪಾದಿಸಿದ ಒಬ್ಬ ದೊಡ್ಡ ಆಟಗಾರರಿದ್ದರು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ದ್ರಾವಿಡ್, ಕುಂಬ್ಳೆ ಹೆಸರು ನಮಗೆಲ್ಲ ಬಾಯಿಪಾಠ. ಆದರೆ ಪಲ್ವಂಕರ್ ಬಾಲೂ ಅಂದರೆ ಬಹಳ ಜನ ಯಾರು ಅಂತಾರೆ. ಅದಕ್ಕೇ ಈ ಸಲ ನಾನು ಅವರ ಜೀವನ ಬರೆಯುತ್ತಿದ್ದೇನೆ.

ಬಾಲೂ ಹುಟ್ಟಿದ್ದು 1876ರಲ್ಲಿ. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅವರದು ತೊಗಲಿನ ಕೆಲಸದ ಚಮ್ಮಾರ ಸಮುದಾಯ. ಆ ಕಾಲದ ಜನ ಈ ಸಮುದಾಯದವರನ್ನು ಅಸ್ಪೃಶ್ಯರೆಂದು ಊರಾಚೆ ಇಟ್ಟಿದ್ದರು. ತಂದೆಗೆ ಪುಣೆಯಲ್ಲಿ ಸೈನ್ಯಕ್ಕೆ ಸಂಬಂಧಪಟ್ಟ ಕೆಲಸ. ಹೀಗಾಗಿ ಬಾಲೂ ಬೆಳೆದದ್ದು ಪುಣೆಯಲ್ಲಿ. ಬಿಳಿಯ ಅಧಿಕಾರಿಗಳು ಆಡಿ ಬಿಸಾಕಿದ ಬ್ಯಾಟು, ಚೆಂಡು ಹಿಡಿದು ಬಾಲೂ ಮತ್ತು ತಮ್ಮ ಶಿವರಾಂ ಆಟ ಕಲಿತರು. ಕೋಚಿಂಗೂ ಇಲ್ಲ, ಬೂಟೂ ಇಲ್ಲ.

ಬಾಲೂ ಅವರ ಮೊದಲ ಕೆಲಸ ಪುಣೆಯ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸಬೇಕು, ರೋಲರ್ ಎಳೆಯಬೇಕು, ಆಗಾಗ ಸದಸ್ಯರಿಗೆ ಬೌಲಿಂಗ್ ಮಾಡಬೇಕು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಬ್ರಿಟಿಷರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿ ಆಯಿತು. ಅಲ್ಲಿ ಪಿಚ್ ಕೆಲಸದ ಜೊತೆಗೆ ನೆಟ್ ಕಟ್ಟುವುದು, ಟೆನಿಸ್ ಅಂಕಣಕ್ಕೆ ಗೆರೆ ಎಳೆಯುವುದೂ ಇತ್ತು.

ಆ ಕ್ಲಬ್ಬಿನಲ್ಲಿ ಕ್ಯಾಪ್ಟನ್ ಗ್ರೇಗ್ ಎಂಬ ಒಳ್ಳೆಯ ಬ್ಯಾಟ್ಸ್‌ಮನ್ ಇದ್ದ. ಬೇರೆಯವರು ಬರುವ ಒಂದು ಗಂಟೆ ಮೊದಲೇ ಬಂದು ಬಾಲೂ ಕೈಲಿ ಬೌಲಿಂಗ್ ಹಾಕಿಸಿಕೊಳ್ಳುತ್ತಿದ್ದ. ತನ್ನನ್ನು ಔಟ್ ಮಾಡಿದ ಒಂದೊಂದು ಸಲಕ್ಕೂ 8 ಆಣೆ ಕೊಡುತ್ತಿದ್ದ ಎಂಬ ಕತೆ ಇದೆ. ಆಗ 16 ಆಣೆಗೆ ಒಂದು ರೂಪಾಯಿ. ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ ಬಂದ ಹಾಗೆ, ಲೆಕ್ಕ ಹಾಕಿ ನೋಡಿ!

ಬಾಲೂ ಎಡಗೈ ಸ್ಪಿನ್ನರ್. ಇಂಥವರ ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ಬ್ಯಾಟ್ಸ್‌ಮನ್‌ನಿಂದ ದೂರಕ್ಕೆ ತಿರುಗುತ್ತೆ. ಬ್ಯಾಟಿನ ಅಂಚಿಗೆ ತಾಗಿದರೆ ಸ್ಲಿಪ್ಪಿನಲ್ಲಿ ಕ್ಯಾಚು. ಮುಂದೆ ಬಂದು ತಪ್ಪಿಸಿಕೊಂಡರೆ ಸ್ಟಂಪಿಂಗು. ದಿನಾ ಪಿಚ್ಚಿನ ಮಣ್ಣನ್ನು ಗುಡಿಸಿ, ನೀರು ಹಾಕಿ, ರೋಲರ್ ಎಳೆದವರಿಗೆ ಚೆಂಡು ಎಲ್ಲಿ ತಿರುಗುತ್ತೆ, ಎಲ್ಲಿ ತಿರುಗಲ್ಲ ಅನ್ನೋದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಲೇಬೇಕು. ಕೂಲಿ ಕೆಲಸವೇ ಅವರಿಗೆ ಶಾಲೆಯಾಯಿತು ಅಂತ ನನಗೆ ಅನ್ನಿಸುತ್ತೆ. ಆದರೆ ಒಂದು ಮಾತು ಗಮನಿಸಿ. ನೂರಾರು ಗಂಟೆ ಬೌಲಿಂಗ್ ಹಾಕಿಸಿಕೊಂಡ ಆ ಕ್ಲಬ್ಬಿನವರು ಬಾಲೂ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳಿಗೆ, ಬೌಲಿಂಗ್ ಆಳಿಗೆ!

ಪುಣೆಯ ಹಿಂದೂಗಳ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸುವ ಆಸೆ ಇತ್ತು. ಗ್ರೇಗ್‌ನಂಥವನನ್ನೇ ಔಟ್ ಮಾಡುವ ಹುಡುಗ ಊರಲ್ಲೇ ಇದ್ದಾನೆ. ಸೇರಿಸಿಕೊಳ್ಳೋದೋ ಬೇಡವೋ ಅಂತ ದೊಡ್ಡ ವಾದ ನಡೆಯಿತು. ಕೊನೆಗೆ ಸೇರಿಸಿಕೊಂಡರು, ಪಂದ್ಯಗಳನ್ನೂ ಗೆದ್ದರು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನೇ ಉಳಿದ ಹತ್ತು ಜನರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆಲ್ಲ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗಡೆ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ಮೇಜು. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಓವರ್ ಮುಗಿಯುವ ತನಕ ನಮ್ಮವನು, ಮುಗಿದ ಮೇಲೆ ಯಾರೋ! ಇದ್ಯಾವ ನ್ಯಾಯ ಸ್ವಾಮಿ?

ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಬಾಲೂ ಮುಂಬಯಿಗೆ ಬಂದರು. ಸ್ವಲ್ಪ ಕಾಲ ಸೈನ್ಯದಲ್ಲಿದ್ದರು, ಆಮೇಲೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಕೆಲಸ ಕೊಟ್ಟವರ ತಂಡಕ್ಕೂ ಆಡಿದರು, ಹಿಂದೂ ಜಿಮ್ಖಾನಾಕ್ಕೂ ಆಡಿದರು. ಮುಂಬಯಿಯಲ್ಲಿ ಆಗ ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ ಅಂತ ಧರ್ಮ, ಜನಾಂಗದ ಹೆಸರಿನಲ್ಲೇ ತಂಡಗಳಿದ್ದವು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಹಿಂದೂಗಳದ್ದು 242 ಮತ್ತು 160, ಅವರದ್ದು 191 ಮತ್ತು 102. ನಮ್ಮನ್ನು ಆಳುವವರನ್ನೂ ಸೋಲಿಸಬಹುದು ಅಂತ ಜನ ಕಣ್ಣಾರೆ ಕಂಡರು. ಆ ತಂಡದಲ್ಲಿ ಬಾಲೂ ಇದ್ದರು, ತಮ್ಮ ಶಿವರಾಂ ಕೂಡ ಇದ್ದರು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಮೊದಲ ಸಲ ಇಂಗ್ಲೆಂಡಿಗೆ ಹೋಯಿತು. 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15. ತಂಡ ಸೋತರೂ ಬಾಲೂ ಸೋಲಲಿಲ್ಲ. 35ರ ವಯಸ್ಸಿನಲ್ಲಿ ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಅವರು ಆಡಿದ ಪ್ರಥಮ ದರ್ಜೆ ಪಂದ್ಯಗಳು ಒಟ್ಟು 33, ತೆಗೆದ ವಿಕೆಟ್ 179. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಲೂಗೆ 56 ವರ್ಷ. ಹೀಗಾಗಿ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ.

ಶಿವರಾಂ, ಗಣಪತ್, ವಿಠಲ್ ಮೂವರು ತಮ್ಮಂದಿರೂ ಹಿಂದೂ ತಂಡಕ್ಕೆ ಆಡಿದರು. ಒಂದೇ ಮನೆಯ ನಾಲ್ಕು ಜನ! ಆದರೆ ನಾಯಕನ ಪಟ್ಟ ಮಾತ್ರ ಬಾಲೂಗೆ ಬರಲಿಲ್ಲ. ಎಷ್ಟು ವಿಕೆಟ್ ತೆಗೆದರೂ ಮೇಲ್ಜಾತಿಯವರೇ ಕ್ಯಾಪ್ಟನ್. 1920ರಲ್ಲಿ ತಮ್ಮಂದಿರು ಸುಮ್ಮನಿರಲಿಲ್ಲ. ಶಿವರಾಂ, ವಿಠಲ್ ಇಬ್ಬರೂ ತಂಡದಿಂದ ಹೊರಗೆ ನಿಂತು ಪ್ರತಿಭಟಿಸಿದರು. ಆಮೇಲೆ ಬಾಲೂ ಅವರನ್ನು ಉಪನಾಯಕ ಮಾಡಿದರು, ತಮ್ಮಂದಿರೂ ವಾಪಸ್ ಬಂದರು. ಮೂರು ವರ್ಷ ಕಳೆದು 1923ರಲ್ಲಿ ವಿಠಲ್ ನಾಯಕರಾದರು. ಆ ವರ್ಷ ಹಿಂದೂ ತಂಡ ಕಪ್ ಗೆದ್ದಿತು. ಅಣ್ಣ ಉತ್ತ ಹೊಲದಲ್ಲಿ ತಮ್ಮ ಬೆಳೆ ತೆಗೆದ ಹಾಗೆ.

ಡಾ. ಅಂಬೇಡ್ಕರ್ ಬಾಲೂಗಿಂತ 15 ವರ್ಷ ಚಿಕ್ಕವರು. ಯುವಕರಾಗಿದ್ದಾಗ ಬಾಲೂ ಎಂದರೆ ಅವರಿಗೆ ಬಹಳ ಅಭಿಮಾನ. ಮುಂದೆ ರಾಜಕೀಯದಲ್ಲಿ ಇಬ್ಬರ ದಾರಿ ಬೇರೆಯಾಯಿತು. 1932ರ ಪೂನಾ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದ್ದರು. ಆದರೆ 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಒಬ್ಬರ ಎದುರು ಒಬ್ಬರು ನಿಂತರು. ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂಗೆ 11,225. ಬಾಲೂ ಸೋತರು. ದೊಡ್ಡವರಲ್ಲೂ ಭಿನ್ನಾಭಿಪ್ರಾಯ ಇರುತ್ತೆ, ಅದರಿಂದ ಯಾರೂ ಚಿಕ್ಕವರಾಗುವುದಿಲ್ಲ.

ಬಾಲೂ ತೀರಿಕೊಂಡದ್ದು 1955ರ ಜುಲೈ 4ರಂದು. ಅಷ್ಟರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಅಸ್ಪೃಶ್ಯತೆ ಆಚರಿಸುವುದು ಅಪರಾಧ ಎಂದು ನಮ್ಮ ಸಂವಿಧಾನ ಸಾರಿತ್ತು. ಹೊರಗೆ ನಿಂತು ಕುಡಿಕೆಯಲ್ಲಿ ಚಹಾ ಕುಡಿದವರು ಆ ದಿನವನ್ನೂ ಕಂಡು ಹೋದರು ಅನ್ನೋದೇ ನನಗೊಂದು ಸಮಾಧಾನ.

ಗೆಳೆಯರೇ, ಆಟ ಬಾಲೂಗೆ ಅನ್ನ ಹಾಕಿತು, ಕೆಲಸ ಕೊಟ್ಟಿತು, ಇಂಗ್ಲೆಂಡ್ ತೋರಿಸಿತು. ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುವುದು ಆಟದ ಕೈಯಲ್ಲಿಲ್ಲ, ಆಡುವವರ ಕೈಯಲ್ಲಿದೆ. ನಮ್ಮ ತಂಡ ಆರಿಸುವಾಗ ಯಾರು ಬರೀ ಚೆಂಡು ಹೆಕ್ಕಲು, ಯಾರು ಬ್ಯಾಟ್ ಹಿಡಿಯಲು ಅಂತ ಹೇಗೆ ತೀರ್ಮಾನಿಸುತ್ತೇವೆ? ಕ್ಯಾಪ್ಟನ್ ಯಾರು ಅಂತ ಯಾವುದನ್ನು ನೋಡಿ ಹೇಳುತ್ತೇವೆ? ಆಟ ಮುಗಿದ ಮೇಲೆ ನೀರಿನ ಬಾಟಲಿ ಎಲ್ಲರ ಕೈಗೂ ಹೋಗುತ್ತಾ? ಇದಿಷ್ಟನ್ನು ನಾವು ಸರಿಯಾಗಿ ನೋಡಿಕೊಂಡರೆ ಸಾಕು, ಧಾರವಾಡದಲ್ಲಿ ಹುಟ್ಟಿದ ಆ ಎಡಗೈ ಬೌಲರ್‌ಗೆ ನಾವು ಗೌರವ ಕೊಟ್ಟ ಹಾಗೆ.